ಕಾಶಿಬಾಯಿ ಅಕ್ಕೋರ ರವಿವಾರಗಳು

ಕರೋಶಿಯ ಸರಕಾರಿ ಕನ್ನಡ ಶಾಲೆಯಲ್ಲಿ ಕಾಶಿಬಾಯಿ ಅಕ್ಕೋರು ಮೂರನೆಯ, ನಾಲ್ಕನೆಯ ಇಯತ್ತೆಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿಕೊಂಡು ಕಲಿಸುತ್ತಿದ್ದರು. ಪದ್ಯವೆಂದರೆ ಅವರಿಗೆ ಜೀವ. ಗಣಿತವೆಂದರೆ ಚಿಕ್ಕಂದಿನಿಂದಲೂ ಅಂಜಿಕೆ.

೧೯೮೬ರ ಚಳಿಗಾಲದ ಒಂದು ಮಧ್ಯಾಹ್ನ, ನಾಲ್ಕನೆಯ ಇಯತ್ತೆಯ ದುಂಡವ್ವ ಕೊಟ್ಟ ಲೆಕ್ಕ ಬೇಗ ಮುಗಿಸಿ ನೆಲದ ಮೇಲೆ ಹುಣಸೆ ಬೀಜ ಜೋಡಿಸುತ್ತ ಕುಳಿತಿದ್ದಳು. ಗದರಲೆಂದು ಹೋದ ಅಕ್ಕೋರಿಗೆ ಅವಳೇ ಹೇಳಿದಳು:

"ಅಕ್ಕೋರ, ಒಂದಕ್ಕ ಮೂರು ಕೂಡಿಸಿದ್ರ ನಾಕು. ಅದಕ್ಕ ಐದು ಕೂಡಿಸಿದ್ರ ಒಂಬತ್ತು. ಬೆಸ ಸಂಖ್ಯೆ ಹಿಂಗ ಕೂಡಿಸ್ಕೋತ ಹೋದ್ರ ಯಾವಾಗ್ಲೂ ಚೌಕನ ಆಗ್ತೈತ್ರಿ."

ಹೀಗೆಂದು ಒಂಬತ್ತು ಬೀಜಗಳ ಚೌಕದ ಎರಡು ಬದಿಗೆ, ಮೂಲೆ ಬಳಸಿ, ಇನ್ನೂ ಏಳು ಬೀಜ ಇಟ್ಟಳು. ಚೌಕ ದೊಡ್ಡದಾಯಿತು, ಆದರೂ ಚೌಕವೇ.

"ಯಾರು ಹೇಳಿಕೊಟ್ಟಾರ ನಿನಗ?"

"ಯಾರೂ ಇಲ್ರಿ. ಅದು ಹಂಗ ಐತಿ."

ಕಾಶಿಬಾಯಿ ಬಗ್ಗಿ ಬೀಜಗಳನ್ನು ತಾವೇ ಎಣಿಸಿದರು: ಸಾಲಿಗೆ ನಾಲ್ಕು, ಒಟ್ಟು ಹದಿನಾರು. ಹೌದು, ತಾವು ಹುಟ್ಟುವ ಮೊದಲೂ ಅದು ಹಾಗೇ ಇತ್ತು. ತಾವು ಮಾತ್ರ ಇಷ್ಟು ವರ್ಷ ಕಂಡಿರಲಿಲ್ಲ.

"ಮುಂದ ಏನೈತ್ರಿ?" ಎಂದಳು ದುಂಡವ್ವ. ಅಕ್ಕೋರಿಗೆ ಗೊತ್ತಿರಲಿಲ್ಲ.

ಆ ರವಿವಾರ ಅವರು ಬಸ್ಸು ಹತ್ತಿ ಚಿಕ್ಕೋಡಿಗೆ ಹೋಗಿ, ಹೈಸ್ಕೂಲಿನ ಗಣಿತ ಶಿಕ್ಷಕ ಶಾಂತಿನಾಥ ಸರ್ ಮನೆಯ ಬಾಗಿಲಲ್ಲಿ ನಿಂತರು.

"ಸರ್, ನನಗ ಬೀಜಗಣಿತ ಕಲಸ್ರಿ."

"ಯಾಕ್ರಿ ಬಾಯಿ, ಪರೀಕ್ಷಾ ಬರೀತೀರೇನು?"

"ಇಲ್ರಿ, ನಮ್ಮ ಸಾಳ್ಯಾಗ ಒಂದು ಹುಡುಗಿ ಐತಿ. ಅದಕ್ಕ ಕಲಸಬೇಕಂದ್ರ ಮೊದಲ ನನಗ ಬರಬೇಕಲ್ರಿ."

ಶಾಂತಿನಾಥ ಸರ್ ಚಾಪೆ ಹಾಸಿದರು. ಅಂದಿನಿಂದ ರವಿವಾರ ಕಲಿತದ್ದನ್ನು ಅಕ್ಕೋರು ವಾರವಿಡೀ ಶಾಲೆ ಬಿಟ್ಟ ಮೇಲೆ ಅಲ್ಲಿನ ಪಡಸಾಲೆಯಲ್ಲೇ ಕಲಿಸತೊಡಗಿದರು. ದುಂಡವ್ವನ ಸಂಗಡ ಕಬ್ಬು ಕಡಿಯುವವರ ಮಕ್ಕಳೂ, ತೋಟದವರ ಮಕ್ಕಳೂ ಬಂದು ಕುಳಿತರು.

"ಇಷ್ಟು ಸಣ್ಣ ಹುಡುಗರಿಗೆ ಇದ್ಯಾಕ್ರಿ?" ಎಂದರು ಹೆಡ್ ಮಾಸ್ತರ ಧರೆಪ್ಪನವರು.

"ಕೇಳಾಕತ್ತಾರ್ರಿ, ಅದಕ್ಕ" ಎಂದರು ಕಾಶಿಬಾಯಿ. ಮಾಸ್ತರರು ಶಾಲೆಯ ಕೀಲಿಕೈ ಅವರ ಕೈಗೆ ಕೊಟ್ಟುಹೋದರು.

ಮರುವರ್ಷದ ಹೊತ್ತಿಗೆ ದುಂಡವ್ವ ಲೆಕ್ಕ ಬಿಡಿಸುವ ದಾರಿ ಅಕ್ಕೋರಿಗೆ ತಿಳಿಯದಾಯಿತು. ಅವಳನ್ನು ಶಾಂತಿನಾಥ ಸರ್ ಹತ್ತಿರ ತಾವೇ ಕರೆದೊಯ್ದು ಬಿಟ್ಟರು. ಆದರೆ ಪಡಸಾಲೆಯ ಪಾಠ ನಿಲ್ಲಲಿಲ್ಲ. ಪ್ರತಿ ವರ್ಷ ಹೊಸ ಮಕ್ಕಳು ಬರುತ್ತಿದ್ದರು.

ತೊಂಬತ್ತರ ದಶಕದಲ್ಲಿ ಧಾರವಾಡದಲ್ಲಿ ಗಣಿತ ಓದುತ್ತಿದ್ದ ದುಂಡವ್ವ ಸೂಟಿಗೆ ಊರಿಗೆ ಬಂದವಳು ಅದೇ ಪಡಸಾಲೆಯಲ್ಲಿ ಕರಿಹಲಗೆಯ ಮುಂದೆ ಖಡು ಹಿಡಿದು ನಿಂತಳು. ಎರಡು, ಮೂರು, ಐದು, ಏಳು ಎಂದು ಬರೆಯುತ್ತ, ಒಡೆಯಲು ಬಾರದ ಇಂಥ ಸಂಖ್ಯೆಗಳಿಗೆ ಕೊನೆಯೇ ಇಲ್ಲವೆಂದು ತೋರಿಸಿಕೊಟ್ಟಳು. ಮಕ್ಕಳ ನಡುವೆ ನೆಲದ ಮೇಲೆ ಕುಳಿತಿದ್ದ ಕಾಶಿಬಾಯಿ ಹಲಗೆಯನ್ನೇ ನೋಡುತ್ತಿದ್ದರು. ಅರ್ಧ ತಿಳಿದಿತ್ತು, ಅರ್ಧ ಕೈತಪ್ಪಿತ್ತು.

"ಇನ್ನೊಮ್ಮಿ ಹೇಳವಾ" ಎಂದರು.