ಚಾ ಆತೇನು ಎಂದು ಕೇಳಿದ ಸ್ಕ್ರಿಪ್ಟು

ಐನಾಪುರದ ಕಡೆಯ ಒಂದು ಹಾಲಿನ ಡೇರಿಗೆ ನಾನೊಂದು ಸಣ್ಣ ಕಂಪ್ಯೂಟರ್ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ಹಾಲಿನ ಫ್ಯಾಟ್ ಎಷ್ಟೆಂದು ಒತ್ತಿದರೆ ಅದು ಹೆಡ್ಡಾಫೀಸಿನ ಸರ್ವರ್‌ಗೆ ಹೋಗಬೇಕು, ಅಲ್ಲಿಂದ ಒಪ್ಪಿಗೆ ಬಂದ ಮೇಲೆಯೇ ಟ್ಯಾಂಕರ್ ಹೊರಡಬೇಕು.

ಡೇರಿ ನೋಡಿಕೊಳ್ಳುವ ಅಪ್ಪಾಸಾಬ ಕಾಕಾಗೆ ನಂಬಿಕೆ ಬರಲಿಲ್ಲ. "ಬಸ್ಸಿನ್ಯಾಗ ಬುತ್ತಿ ಕಳಿಸಿದ್ರೂ ಮುಟ್ಟೇತೇನು ಅಂತ ಫೋನ್ ಹಚ್ಚಿ ಕೇಳತೀವಿ. ಇದು ಮುಟ್ಟಿದ್ದು ಹೆಂಗ ತಿಳೀಬೇಕು?"

ನನ್ನ ಕೈ ಸುಮ್ಮನಿರುವ ಜಾತಿಯದಲ್ಲ. ಸರ್ವರ್ ಒಪ್ಪಿದ ಕೂಡಲೇ ಪರದೆಯ ಮೇಲೆ "ಮುಟ್ಟೇತ್ರಿ ಕಾಕಾ. ಚಾ ಆತೇನ್ರಿ?" ಎಂದು ಬರುವಂತೆ ಮಾಡಿ ಬಂದೆ.

ಮರುದಿನ ಬೆಳಿಗ್ಗೆಯೇ ಫೋನು. "ಲೇ ತಮ್ಮಾ, ನಿನ್ನ ಸರ್ವರ್ ಹಾಲು ಒಲ್ಲೆ ಅನ್ನಾಕತ್ತೈತಿ. ಟ್ಯಾಂಕರ್ ನಿಂತೈತಿ, ಬಿಸಲು ಏರಾಕತ್ತೈತಿ. ಹಾಲು ಒಡದ್ರ ಊರ ಮಂದಿ ನನ್ನ ಬಿಡೂದಿಲ್ಲ."

ಓಡಿಹೋಗಿ ನೋಡಿದೆ. ಎಮ್ಮೆ ಹಾಲಿನ ಲೆಕ್ಕ ಸರಿಯಾಗಿ ಮುಟ್ಟಿ, ಪರದೆ ಚಾ ಆತೇನೆಂದು ಕೇಳಿತ್ತು. ಅದರ ಕೆಳಗೆ ಆಕಳ ಹಾಲಿನ ಫ್ಯಾಟ್ ತುಂಬುವ ಜಾಗದಲ್ಲಿ ಮಾತ್ರ "ಆತ್ರಿ, ನಿಮ್ದು?" ಎಂದಿತ್ತು. ಅಂಕಿ ಇರಬೇಕಾದಲ್ಲಿ ಮಾತು ಬಂದರೆ ಸರ್ವರ್ ಒಲ್ಲೆ ಎನ್ನದೆ ಏನು ಮಾಡೀತು?

"ಇದೇನ್ರಿ ಕಾಕಾ?"

"ಚಾ ಆತೇನು ಅಂತ ಕೇಳಿದವ್ರಿಗೆ ಉತ್ತರ ಕೊಡದ ಹಂಗ ಕುಂಡ್ರೂದು ನಮ್ಮನಿ ರೀತಿ ಅಲ್ಲೋ."

ಚಾದ ಉತ್ತರಕ್ಕೆ ಬೇರೆಯೇ ಜಾಗ ಮಾಡಿಕೊಟ್ಟೆ. ಟ್ಯಾಂಕರ್ ಹೊರಟಿತು. ಅಂದಿನಿಂದ ಸ್ಕ್ರಿಪ್ಟ್ ಹಾಲಿನ ಜೊತೆ ಕಾಕಾನ ಚಾದ ಸುದ್ದಿಯನ್ನೂ ಕಳಿಸುತ್ತದೆ. ಮೊನ್ನೆ ಕಾಕಾ ಅದನ್ನು ತುಂಬಲು ಮರೆತರಂತೆ. ಹೆಡ್ಡಾಫೀಸಿನಿಂದ ನನಗೆ ಫೋನ್ ಬಂತು: "ಹಾಲು ಮುಟ್ಟೇತ್ರಿ. ಕಾಕಾ ಆರಾಮ ಅದಾರಿಲ್ಲೋ?"

ನಂಬದಿದ್ದರೆ ಹೆಡ್ಡಾಫೀಸಿನಲ್ಲೇ ವಿಚಾರಿಸಿ. ನನ್ನ ಹೆಸರು ಮಾತ್ರ ಹೇಳಬೇಡಿ.