ಮೂರಡಿಗೆ ಒಂದು ಮೀಟರು

ಗಂಡ ಹೋದ ಮೇಲೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಇದನ್ನು ಹೀಗೆ ನೇರವಾಗಿ ಹೇಳಿದರೆ ಜನ ಹುಬ್ಬೇರಿಸುತ್ತಾರೆ. ಏರಿಸಲಿ. ಹಸಿವಾದರೆ ತಿನ್ನುತ್ತಿದ್ದೆ, ಬಸ್ಸು ಬಂದರೆ ಹತ್ತುತ್ತಿದ್ದೆ, ಮಲಗಿದರೆ ನಿದ್ದೆಯೂ ಬರುತ್ತಿತ್ತು. ದುಃಖ ಅಂತ ಜನ ಏನನ್ನು ಕರೆಯುತ್ತಾರೋ ಅದು ಮಾತ್ರ ನನ್ನ ಕಡೆ ಸುಳಿಯಲಿಲ್ಲ. ನೆಂಟರು ಬಂದು ಮುಖ ನೋಡಿ "ಗಟ್ಟಿ ಹೆಂಗಸು ಬಿಡಪ್ಪಾ" ಅಂದು ಹೋದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ದವಡೆಯ ಹಾಗಿದ್ದೆ, ಅಷ್ಟೆ.

ಶ್ರೀಗಂಧದ ಕಾವಲಿನಲ್ಲಿ ನಮ್ಮದೊಂದು ಮನೆ. ಅದು ರೆವಿನ್ಯೂ ಸೈಟು, ಥರ್ಟಿ ಫಾರ್ಟಿ, ನಾವಿಬ್ಬರೂ ದುಡಿದು ಕಟ್ಟಿಸಿದ್ದು. ಮಕ್ಕಳಿಲ್ಲ. ಅವರು ಹೋದ ಮೇಲೆ ಆ ಮನೆ ಒಂದೇ ನನಗೆ ಉಳಿದದ್ದು. ಎದುರುಮನೆಯಲ್ಲಿ ಒಬ್ಬರು ಆಂಟಿ ಇದ್ದರು, ನನಗಿಂತ ಹದಿನೈದು ವರ್ಷ ದೊಡ್ಡವರು. ಬಾಯಿ ಸ್ವಲ್ಪ ಜೋರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಅಂತ ದಿನಾ ಮುದ್ದೆ, ಉಪ್ಸಾರು ತಂದು ಎದುರಿಗೆ ಕೂತು ತಿನ್ನಿಸಿದವರು ಅವರೇ. "ತಿನ್ನೇ, ನೀನು ಉಪವಾಸ ಬಿದ್ರೆ ಅವನೇನು ಎದ್ದು ಬರ್ತಾನಾ?" ಅಂತ ಗದರುತ್ತಿದ್ದರು. ಬೇರೆ ಯಾರಾದರೂ ಆ ಮಾತು ಆಡಿದ್ದರೆ ತಟ್ಟೆ ಎತ್ತಿ ಬಿಸಾಕುತ್ತಿದ್ದೆನೋ ಏನೋ. ಅವರು ಆಡಿದರು, ನಾನು ತಿಂದೆ.

ತಿಥಿ ಎಲ್ಲ ಮುಗಿದ ಮೇಲೆ ಕೆಲಸಕ್ಕೆ ವಾಪಸ್ ಹೋದೆ. ನನ್ನದು ಡ್ರಾಫ್ಟಿಂಗ್ ಕಸುಬು: ಮನೆ ಪ್ಲಾನು, ಲೇಔಟ್ ಪ್ಲಾನು ಬರೆಯುವುದು. ಅನ್ನಪೂರ್ಣೇಶ್ವರಿ ನಗರದಲ್ಲಿ ಒಂದು ಬೇಕರಿಯ ಮಹಡಿ ಮೇಲೆ ಪುಟ್ಟ ಸರ್ವೆ ಆಫೀಸು. ಮಧ್ಯಾಹ್ನವಾದರೆ ಇಡೀ ಆಫೀಸು ಬಿಸಿ ಬನ್ನಿನ ವಾಸನೆ. ನಾನಿಲ್ಲದಾಗ ಯಜಮಾನರು ಸರ್ಕಾರದ ಹೊಸ ಕೆಲಸವೊಂದನ್ನು ಹಿಡಿದಿದ್ದರು. ಕೆರೆಯಿಂದ ಕೆರೆಗೆ ಮಳೆನೀರು ಹರಿಯಲೆಂದು ಹಳೇ ಗ್ರಾಮ ನಕ್ಷೆಯಲ್ಲಿರುವ ರಾಜಕಾಲುವೆ ಈಗ ಯಾವ ಯಾವ ಮನೆಗಳ ಕೆಳಗೆ ಹೋಗುತ್ತದೆ ಅಂತ ತೋರಿಸುವ ನಕ್ಷೆ ಮಾಡಿಕೊಡಬೇಕು. ನಕ್ಷೆಯಲ್ಲಿ ಕಾಲುವೆ ಮೇಲೆ ಬಂದ ಮನೆಗೆ ಮೊದಲು ನೋಟಿಸು, ಆಮೇಲೆ ಬುಲ್ಡೋಜರು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ಇನ್ಮೇಲೆ ಬರೀ ಡ್ರಾಯಿಂಗ್ ಸಾಲಲ್ಲಮ್ಮಾ. ಎಲ್ಲಾ ಡೇಟಾಬೇಸಲ್ಲಿ ಇರುತ್ತೆ. ಅಲ್ಲಿಂದ ತಗೊಂಡು ಮ್ಯಾಪಲ್ಲಿ ತೋರಿಸ್ಬೇಕು. ಕಲ್ತ್ಕೋ" ಅಂದರು ಯಜಮಾನರು. ಕಲಿಸಲಿಕ್ಕೆ ಹಾವೇರಿ ಕಡೆಯ ಒಬ್ಬ ಹುಡುಗಿಯನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದರು. ಎಂಜಿನಿಯರಿಂಗ್ ಓದಿದವಳು, ತಾಳ್ಮೆಯವಳು. ನನ್ನನ್ನು ಅಕ್ಕಾರ ಅನ್ನುತ್ತಿದ್ದಳು.

ಮೊದಲ ದಿನ ಅವಳು ಹೇಳಿದ ಹಾಗೆ ಸರ್ವರ್ ಹೆಸರು ಹಾಕಿದೆ, ಪಾಸ್‌ವರ್ಡ್ ಹಾಕಿದೆ. ಎಡಗಡೆ ಉದ್ದಕ್ಕೆ ಹೆಸರುಗಳು ಬಂದವು: ರಸ್ತೆ, ಕೆರೆ, ಸರ್ವೆ ನಂಬರು, ಕಾಲುವೆ. ಒಂದೊಂದೂ ಒಂದೊಂದು ಲೇಯರ್. ಮೇಲೆ ಮೇಲೆ ಹಾಸಿದರೆ ಊರಾಗುತ್ತದೆ. ಅವಳು ಕೊಟ್ಟ ಬೋರ್‌ವೆಲ್ ಪಟ್ಟಿಯನ್ನು ನಾನೇ ಹೊಸ ಲೇಯರ್ ಆಗಿ ತುಂಬಿಸಿ, ಅದರ ಮೇಲೆ ಎರಡು ಸಲ ಒತ್ತಿದೆ. ಪರದೆ ಬೆಳ್ಳಗೆ ಹಾಗೇ ಇತ್ತು.

"ಏನೂ ಬರ್ಲಿಲ್ಲವಲ್ಲೇ" ಅಂದೆ.

"ಬಂದೈತ್ರಿ ಅಕ್ಕಾರ. ನೀವು ಬ್ಯಾರೆ ಕಡೆ ನೋಡಾಕತ್ತೀರಿ" ಅಂದಳು. ಲೇಯರ್ ಇರುವ ಜಾಗಕ್ಕೆ ಪರದೆಯನ್ನು ಕರೆದೊಯ್ಯುವ ಒಂದು ಬಟನ್ ತೋರಿಸಿದಳು. ಒತ್ತಿದೆ. ಹೆಗ್ಗನಹಳ್ಳಿಯ ಬೋರ್‌ವೆಲ್ಲುಗಳೆಲ್ಲ ಸಾಸಿವೆ ಚೆಲ್ಲಿದ ಹಾಗೆ ಕಾಣಿಸಿದವು. ಆದರೆ ಇದ್ದದ್ದು ಎಲ್ಲಿ? ಉತ್ತರ ಧ್ರುವದ ಹತ್ತಿರ, ಮಂಜಿನ ಸಮುದ್ರದಲ್ಲಿ! ಅಕ್ಷಾಂಶದ ಜಾಗಕ್ಕೆ ರೇಖಾಂಶ ತುಂಬಿಬಿಟ್ಟಿದ್ದೆ. ಹುಡುಗಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ನಗು ಬರಬೇಕಾದ ವಿಷಯ ಅಂತ ನನಗೂ ಗೊತ್ತಾಯಿತು. ಬರಲಿಲ್ಲ. ಅದಲುಬದಲು ಮಾಡಿ ಮತ್ತೆ ತುಂಬಿಸಿದೆ, ಹೆಗ್ಗನಹಳ್ಳಿ ತನ್ನ ಜಾಗಕ್ಕೆ ಬಂತು.

ಸತ್ಯ ಹೇಳಬೇಕೆಂದರೆ ಆ ಕೆಲಸ ನನಗೆ ಹಿಡಿಸಿತು. ಪರದೆಯ ಮೇಲಿನ ಊರಿನಲ್ಲಿ ಮನುಷ್ಯರಿರಲಿಲ್ಲ. ಯಾರೂ "ಹೇಗಿದ್ದೀಯಾ" ಅಂತ ಕೇಳುತ್ತಿರಲಿಲ್ಲ. ಬಣ್ಣ ಕೊಟ್ಟರೆ ಬಣ್ಣ, ಗೆರೆ ದಪ್ಪ ಮಾಡಿದರೆ ದಪ್ಪ.

ಹೀಗಿರುವಾಗ ನಮ್ಮ ಲೇಔಟಿನ ಸರದಿ ಬಂತು. ನಮ್ಮ ಬೀದಿಯ ಕೆಳಗೆ ಎಲ್ಲೋ ಕಾಲುವೆ ಇದೆ ಅಂತ ಬೀದಿಯವರಿಗೆಲ್ಲ ಗೊತ್ತು, ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಲೇಔಟ್ ಮಾಡಿದವರು ಮಣ್ಣು ಹಾಕಿ ಮಟ್ಟಸ ಮಾಡಿಯೇ ಸೈಟು ಮಾರಿದ್ದರು. ಲೇಔಟ್ ಡ್ರಾಯಿಂಗ್ ಇದ್ದದ್ದು ಅಡಿ ಲೆಕ್ಕದಲ್ಲಿ. ಬೆಂಗಳೂರಿನಲ್ಲಿ ಮೀಟರಿನಲ್ಲಿ ಸೈಟು ಮಾರಿದವರನ್ನು ನಾನಂತೂ ನೋಡಿಲ್ಲ. ಡೇಟಾಬೇಸಿಗೆ ಮಾತ್ರ ಮೀಟರೇ ಬೇಕು. ಹುಡುಗಿ ಅವತ್ತು ರಜೆ. ಯಜಮಾನರನ್ನು ಕೇಳಿದೆ.

"ಮೂರಡಿಗೆ ಒಂದು ಮೀಟರು, ಹಾಕಮ್ಮಾ. ಇಷ್ಟು ವರ್ಷ ನಮ್ಮ ಮೇಸ್ತ್ರಿಗಳು ಹಂಗೇ ತಾನೇ ಅಳೆದಿರೋದು" ಅಂದರು.

ನಾನೂ ಹಾಗೇ ಅಳೆದವಳು. ಬಾಯಿಲೆಕ್ಕದಲ್ಲಿ ಎಲ್ಲರೂ ಹಾಗೇ ಅನ್ನುತ್ತೇವೆ. ಎಲ್ಲವನ್ನೂ ಮೂರರಿಂದ ಭಾಗಿಸಿದೆ. ಮಾಗಡಿ ರೋಡಿನ ಮೂಲೆಯಲ್ಲಿರುವ ಗಡಿಕಲ್ಲಿಗೆ ಲೇಔಟಿನ ಮೂಲೆ ಕೂರಿಸಿ, ಡೇಟಾಬೇಸಿಗೆ ಸೇರಿಸಿ, ತೆರೆದೆ. ಕಾಲುವೆಗೆ ನೀಲಿ ಬಣ್ಣ ಕೊಟ್ಟೆ. ಆ ನೀಲಿ ಸೀದಾ ಬಂದು ನಮ್ಮ ಮನೆಯ ಅಡುಗೆಮನೆ, ನಡುಮನೆ ಎರಡನ್ನೂ ಹಾದು ಹೋಗಿತ್ತು.

ಸುಮ್ಮನೆ ನೋಡಿದೆ. ನಮ್ಮ ಮನೆ ಹೋಗುತ್ತದೆ ಅಂತ ಅರ್ಥವಾಯಿತು. ಎದೆ ಧಸಕ್ ಅನ್ನಬೇಕಿತ್ತು, ಅನ್ನಲಿಲ್ಲ. ಹೋದರೆ ಹೋಗಲಿ ಅಂತಲೂ ಅನ್ನಿಸಲಿಲ್ಲ. ಕೆಳಗೆ ಹೋಗಿ ಒಂದು ಖಾರಾ ಬನ್ನು ತಿಂದು ಬಂದು ಉಳಿದ ಬೀದಿಗಳಿಗೆ ಬಣ್ಣ ಹಚ್ಚಿದೆ. ಸಂಜೆ ಆಂಟಿ ಗೇಟಿನ ಹತ್ತಿರ ನಿಂತು "ಏನೇ ಕಂಪ್ಯೂಟರ್ ಮೇಡಮ್ಮು, ಬಂದ್ಯಾ?" ಅಂದಾಗ "ಹೂಂ ಆಂಟಿ, ಬಂದೆ" ಅಂದು ಒಳಗೆ ಹೋದೆ. ಯಾರಿಗೂ ಏನೂ ಹೇಳಲಿಲ್ಲ.

ಮಾರನೇ ದಿನ ಹುಡುಗಿ ಬಂದವಳೇ ನನ್ನ ನಕ್ಷೆಯ ಕೆಳಗೆ ಉಪಗ್ರಹದ ಚಿತ್ರ ಹಾಸಿ ನೋಡಿದಳು. "ಯಾಕ್ರಿ ಅಕ್ಕಾರ, ನಿಮ್ಮ ಲೇಔಟಿನ ಕಡೀ ಬೀದಿ ಕಲ್ಯಾಣ ಮಂಟಪದಾಗ ಹೊಕ್ಕೈತಿ?" ಅಂದಳು. ನಿಜ, ಹೊಕ್ಕಿತ್ತು. ಒಂದು ಮೀಟರಿಗೆ ಎಷ್ಟಡಿ ಹಾಕಿದ್ರಿ ಅಂತ ಕೇಳಿದಳು. ಮೂರು ಅಂದೆ. ಅವಳು ತಲೆ ಮೇಲೆ ಕೈ ಹೊತ್ತಳು. ಒಂದು ಮೀಟರೆಂದರೆ ಮೂರಡಿಯ ಮೇಲೆ ಕಾಲಡಿಗಿಂತ ಸ್ವಲ್ಪ ಜಾಸ್ತಿ. ಒಂದು ಸೈಟಿನ ಅಗಲಕ್ಕೆ ಅದು ಒಂದು ಹೆಜ್ಜೆ ಅಷ್ಟೆ. ಮಾಗಡಿ ರೋಡಿನಿಂದ ನಮ್ಮ ಬೀದಿ ತನಕ ಕೂಡುತ್ತಾ ಬಂದರೆ, ಒಂದು ಇಡೀ ಮನೆಗಿಂತ ಹೆಚ್ಚು.

ಸರಿಯಾದ ಅಂಕಿ ಹಾಕಿ ಮತ್ತೆ ಸೇರಿಸಿದೆವು. ಹಿಗ್ಗಿದ್ದ ಲೇಔಟು ಕುಗ್ಗಿತು. ಎಲ್ಲ ಮನೆಗಳೂ ಮಾಗಡಿ ರೋಡಿನ ಕಡೆಗೆ ಸರಿದವು. ಗ್ರಾಮ ನಕ್ಷೆಯಿಂದ ಬಂದ ಕಾಲುವೆ ಇದ್ದಲ್ಲೇ ಇತ್ತು. ನಮ್ಮ ಮನೆ ನೀಲಿಯಿಂದ ಈಚೆ ಬಂತು. ಅದರ ಹಿಂದೆಯೇ ಸರಿದ ಎದುರುಮನೆ ನೀಲಿಯ ಮೇಲೆ ಬಂದು ಕೂತಿತು. ಆಂಟಿಯ ಮನೆ.

"ಇದು ನಿಮ್ಮ ಬೀದಿ ಅಲ್ವೇನಮ್ಮಾ?" ಅಂದರು ಯಜಮಾನರು ಬಗ್ಗಿ ನೋಡಿ. "ಬಚಾವಾದೆ ಬಿಡು."

ಹುಡುಗಿ ಇನ್ನೊಂದು ಸಲ ಲೆಕ್ಕ ಹಾಕಿದಳು. ನಾನು ಒಂದು ಸಲ ಹಾಕಿದೆ. ಉಪಗ್ರಹದ ಚಿತ್ರದಲ್ಲಿ ನಮ್ಮ ಮನೆಯ ನೀರಿನ ಟ್ಯಾಂಕು, ಅವರ ಮಹಡಿ ಮೇಲಿನ ಶೀಟು ಎರಡೂ ಗೆರೆಗೆ ಸರಿಯಾಗಿ ಕೂತಿದ್ದವು. ನಕ್ಷೆ ಸರಿಯಾಗಿತ್ತು, ಹಾಳಾದ್ದು. ತಪ್ಪಿದ್ದಿದ್ದರೆ ಒಂದು ದಾರಿಯಿತ್ತು. ಸೇವ್ ಮಾಡಿದೆ. ಸಾಯಂಕಾಲಕ್ಕೆ ನಕ್ಷೆ ಕೆಲಸ ಕೊಟ್ಟವರಿಗೆ ಹೋಯಿತು.

ನೋಟಿಸು ಅಂಟಿಸುವ ಮೊದಲು ನನ್ನ ಬಾಯಿಂದಲೇ ಗೊತ್ತಾಗಲಿ ಅಂತ ನೇರವಾಗಿ ಅವರ ಮನೆಗೆ ಹೋದೆ. ಆಂಟಿ ಅವರೆಕಾಯಿ ಸುಲಿಯುತ್ತಿದ್ದರು. ಚಪ್ಪಲಿ ಬಿಟ್ಟು ಹೊಸ್ತಿಲ ಹತ್ತಿರವೇ ನಿಂತು ಎಲ್ಲ ಹೇಳಿದೆ. ಮೊದಲು ನಮ್ಮ ಮನೆ ಮೇಲೆ ಬಂದದ್ದು, ಲೆಕ್ಕ ತಪ್ಪಿದ್ದು, ಸರಿ ಮಾಡಿದ್ದು, ಈಗ ಅವರ ಮನೆ ಮೇಲೆ ಬಂದಿರುವುದು. ಅವರು ಅವರೆಕಾಯಿ ಬಿಡಲಿಲ್ಲ.

"ಯಾರೇ ಸರಿ ಮಾಡಿದ್ದು?"

"ನಾನೇ ಆಂಟಿ."

ಬೈಯುತ್ತಾರೆ ಅಂದುಕೊಂಡೆ. ನೀನೇ ತಳ್ಳಿದೆ ಅನ್ನುತ್ತಾರೆ ಅಂದುಕೊಂಡೆ. ಅನ್ನಲಿಲ್ಲ.

"ನಿಮ್ಮನೆ ಮೇಲೆ ಬಂದಿತ್ತಲ್ಲ, ನಿನ್ನೆ ಯಾಕೇ ಹೇಳ್ಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ರಿ ಆಂಟಿ?"

"ಏನ್ ಮಾಡ್ತಿದ್ದೆ? ನಮ್ಮ ಮಹಡಿ ಮನೆ ಖಾಲಿ ಇದೆ, ಗಂಟುಮೂಟೆ ಕಟ್ಕೊಂಡು ಬಾರೇ ಅಂತಿದ್ದೆ."

ನನಗೂ ಅದೇ ತೋಚಿತು. ಯೋಚನೆ ಮಾಡದೆ ಅಂದುಬಿಟ್ಟೆ: "ಹಂಗಾದ್ರೆ ನೀವೇ ಬನ್ನಿ ಆಂಟಿ. ನಮ್ಮನೇಲಿ ಒಂದು ರೂಮು ಸುಮ್ನೆ ಬಿದ್ದಿದೆ."

ಅವರ ಕೈ ಆಗ ನಿಂತಿತು. ಮೊರವನ್ನು ಪಕ್ಕಕ್ಕಿಟ್ಟು ಎದ್ದರು. "ನನ್ನ ಮನೆ ಹೋಯ್ತು ಅಂತ ನೀನೇ ತೀರ್ಮಾನ ಮಾಡ್ಬಿಟ್ಯಾ?" ಅಂದರು. ದನಿ ಜೋರಿರಲಿಲ್ಲ. ಅವರ ಬಾಯಲ್ಲಿ ಅಷ್ಟು ಮೆಲ್ಲಗಿನ ಮಾತು ನಾನು ಕೇಳಿಯೇ ಇರಲಿಲ್ಲ. "ಹೋಗಮ್ಮಾ, ಕತ್ತಲಾಯ್ತು."

ನನ್ನನ್ನು ಅವರು ಯಾವತ್ತೂ ಅಮ್ಮಾ ಅಂದವರಲ್ಲ. ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು.

ಬೀದಿ ದಾಟಿ ಬಂದು ನಮ್ಮ ಗೇಟು ಹಿಡಿದುಕೊಂಡೆ. ಬೀಗದ ಕೀ ಕೈಯಲ್ಲೇ ಇತ್ತು, ಹಾಕಲಿಲ್ಲ. ನೋಯುತ್ತಿತ್ತು, ಎದೆಯಲ್ಲಿ, ಸರಿಯಾಗಿ ನೋಯುತ್ತಿತ್ತು. ಗಂಡ ಹೋದಾಗ ಬರದೇ ಇದ್ದದ್ದು ಆ ಮುಚ್ಚಿದ ಬಾಗಿಲಿಗೆ ಬಂತು. ಗೇಟಿನ ಹೊರಗೆ ನಿಂತೇ ಅತ್ತೆ. ಎದುರುಮನೆಯ ಕಿಟಕಿಯಲ್ಲಿ ದೀಪವಿತ್ತು. ಅಳುವುದು ಅವರಿಗೆ ಕೇಳಿಸಿರಲೇಬೇಕು, ಅವರು ಹೊರಗೆ ಬರಲಿಲ್ಲ.