ಕೊಸ್ಮಸರ ನಾಲ್ಕು ಪ್ಲಗ್

ನನ್ನ ಗಂಡ ಕೊಸ್ಮಸ್ ಏನನ್ನೂ ಬಿಸಾಡುವವರಲ್ಲ. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಲ್ಲಿ ಸೀಳಿ ಒಳಗಿನದನ್ನು ಬೆರಳಲ್ಲಿ ಬಳಿಯುತ್ತಾರೆ. ಬಿರಿಯಾನಿ ಸುತ್ತಿ ಬಂದ ಅಲ್ಯುಮಿನಿಯಂ ಹಾಳೆಯನ್ನು ತೊಳೆದು ಬಾಲ್ಕನಿಯ ಹಗ್ಗದಲ್ಲಿ ಒಣಹಾಕುತ್ತಾರೆ. ಬಹ್ರೇನಿನ ಮನಾಮದ ಒಂದು ಹೋಟೆಲಿನಲ್ಲಿ ಅವರು ಸ್ಟೋರ್‌ಕೀಪರ್. ಆ ಕೆಲಸಕ್ಕೆ ಈ ಗುಣ ಒಳ್ಳೆಯದೇ ಇರಬಹುದು, ಸಂಸಾರಕ್ಕೆ ಅಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಉಡುಪಿಯ ಶಿರ್ವದಿಂದ ಬಂದು ಇಷ್ಟು ವರ್ಷ ಈ ಬಿಸಿಲಿನಲ್ಲಿ ಸುಟ್ಟರೂ ಅವರದ್ದು ಹೋಗಲಿಲ್ಲ.

ಇಂಥ ಮನುಷ್ಯ ಜೀವಮಾನದಲ್ಲಿ ಆಸೆಪಟ್ಟದ್ದು ಒಂದೇ ವಸ್ತುವಿಗೆ. ಹೋಟೆಲಿನ ಮ್ಯಾನೇಜರ್ ತನ್ನ ದೇಶಕ್ಕೆ ಹೊರಟಾಗ ಇವರಿಗೆ ಮಾರಿಹೋದ, ಸ್ವೀಡನ್ನಿನ ಹಳೆಯ ಕಪ್ಪು ಟರ್ಬೊ ಕಾರು ಅದು. ಆಕ್ಸಿಲರೇಟರಿಗೆ ಕಾಲಿಟ್ಟು ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಇಲ್ಲಿ ರಜೆ ಇರುವ ಶುಕ್ರವಾರ ಚರ್ಚಿನಿಂದ ಬಂದು ಅದನ್ನು ಉಜ್ಜುವಾಗ ಅವರ ಮುಖ ನೋಡಬೇಕು. ನಮ್ಮ ಮದುವೆಯ ಫೋಟೋಗಳಲ್ಲೂ ಆ ಮುಖ ಇಲ್ಲ.

ಕಳೆದ ಆಗಸ್ಟಿನಲ್ಲಿ ಕಾರು ಕೈಕೊಡತೊಡಗಿತು. ಮೆಲ್ಲಗೆ ಹೋದರೆ ಏನಿಲ್ಲ. ವೇಗ ಹೆಚ್ಚಿಸಿ ಟರ್ಬೊ ಎದ್ದ ಕೂಡಲೇ ಗಡಗಡ ಜಗ್ಗುತ್ತಿತ್ತು. ನಾನು ನರ್ಸ್. ಮನೆ ಬುಸೈತೀನ್‌ನಲ್ಲಿ, ಕ್ಲಿನಿಕ್ ಬುದಯ್ಯದಲ್ಲಿ. ಒಂದು ಬೆಳಿಗ್ಗೆ ಹೈವೇ ನಡುವೆ ಕಾರು ನಿಂತೇ ಹೋಯಿತು. ಬಿಳಿ ಯೂನಿಫಾರ್ಮಿನಲ್ಲಿ ನಾನು ಇಳಿದು ದೂಡಿದೆ. ಬೆವರಿಗೆ ಬಟ್ಟೆ ಮೈಗೆ ಅಂಟಿ ಒಳಗಿನದೆಲ್ಲ ಕಾಣುತ್ತಿತ್ತು. ಹಿಂದಿನ ಪಿಕಪ್ಪಿನ ಗಂಡಸರು ಇಳಿದು ಕೈ ಹಾಕಲಿಲ್ಲ, ಕೂತು ನೋಡಿದರು. ಒಬ್ಬ ಫೋನ್ ಎತ್ತಿ ಹಿಡಿದ. ಕೊಸ್ಮಸ್ ಸ್ಟೀರಿಂಗ್ ಹಿಡಿದು ಒಳಗಿನಿಂದಲೇ, “ಸ್ವಲ್ಪ ಜೋರು ದೂಡು ಮಾರಾಯ್ತಿ,” ಅಂದರು. ಆವತ್ತಿನ ಹೇಸಿಗೆ ಎರಡು ಸಲ ಸ್ನಾನ ಮಾಡಿದರೂ ಮೈಯಿಂದ ಇಳಿಯಲಿಲ್ಲ.

ಸಂಜೆ ನಾನು ಹೇಳಿಬಿಟ್ಟೆ. “ಸರಿ ಮಾಡಿಸಿ, ಇಲ್ಲಾಂದ್ರೆ ಮಾರಿ. ರಿಪೇರಿ ಆದ ಮೇಲೂ ಒಂದು ಸಲ ಜಗ್ಗಿದ್ರೆ ಆ ಕಾರು ನಮಗೆ ಬೇಡ.”

“ಆಯ್ತು ಐವಿ. ಮತ್ತೆ ಜಗ್ಗಿದ್ರೆ ನಾನೇ ಮಾರ್ತೇನೆ,” ಅಂದರು. ದೇವರ ಮೇಲೆ ಆಣೆಯನ್ನೂ ಇಟ್ಟರು.

ಸಲ್ಮಾಬಾದಿನ ಗ್ಯಾರೇಜಿಗೆ ನಾನೂ ಹೋಗಿದ್ದೆ. ಅಲ್ಲಿಯ ಪಠಾಣ ಮೆಕ್ಯಾನಿಕ್‌ನನ್ನು ಎಲ್ಲರೂ ಉಸ್ತಾದ್ ಅನ್ನುತ್ತಾರೆ. ಟರ್ಬೊ ಗಾಳಿಯನ್ನು ಒತ್ತಿ ಒಳಗೆ ನುಗ್ಗಿಸುವಾಗ, ಬಿರುಗಾಳಿಗೆ ದೀಪ ಆರಿದ ಹಾಗೆ ಪ್ಲಗ್ಗಿನ ಕಿಡಿ ಆರುತ್ತದೆ ಅಂತ ಅವನು ಹಿಂದಿಯಲ್ಲಿ ವಿವರಿಸಿದ. ಪ್ಲಗ್ಗುಗಳಿಗೆ ಕರೆಂಟು ಕೊಡುವ ಒಂದೇ ಹಳೇ ಕಾಯಿಲ್ ತೆಗೆದು, ಪ್ರತಿ ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಹೊಸ ಮಾದರಿಯ ಕಾಯಿಲ್ ಕೂರಿಸಬೇಕು, ಜೊತೆಗೆ ನಾಲ್ಕೂ ಪ್ಲಗ್ ಹೊಸದಾಗಬೇಕು ಅಂದ. ಕೊಸ್ಮಸ್ ದುಬೈಯಿಂದ ಕಾಯಿಲ್ ತರಿಸಿದರು. ಎಷ್ಟಾಯಿತು ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. “ಪ್ಲಗ್ ಹೊಸತು ನನ್ನ ಹತ್ರವೇ ಉಂಟು, ನಾನೇ ಹಾಕಿ ತರ್ತೇನೆ,” ಅಂತ ಉಸ್ತಾದನಿಗೆ ಹೇಳಿದರು. ಕೆಲಸ ಮುಗಿದ ಮೇಲೆ ನನಗೂ ಅದನ್ನೇ ಹೇಳಿದರು. ಎಲ್ಲ ಹೊಸತು, ಇನ್ನು ಹೆದರಬೇಡ ಅಂತ.

ಎರಡು ವಾರ ಕಾರು ಜಗ್ಗಲಿಲ್ಲ. ಜಗ್ಗುವ ಹಾಗೆ ಅವರು ಓಡಿಸಿದರೆ ತಾನೆ? ದಿನಾ ಯಾವುದಾದರೂ ನೀರಿನ ಟ್ಯಾಂಕರ್ ಹುಡುಕಿ ಅದರ ಹಿಂದೆ ತೆವಳುತ್ತಿದ್ದರು. ಪಕ್ಕದಲ್ಲಿ ಶಾಲೆಯ ಬಸ್ಸುಗಳೂ ನಮ್ಮನ್ನು ದಾಟಿಹೋದವು. “ಎಂತ, ಮುಂದೆ ಹೋಗುದಿಲ್ವಾ?” ಅಂದರೆ “ವಯಸ್ಸಾಯ್ತಲ್ಲ, ಜಾಗ್ರತೆ ಬೇಕು,” ಅನ್ನುತ್ತಿದ್ದರು. ನಾನು ನಂಬಿದೆ. ಈ ಮನುಷ್ಯ ಕೊನೆಗೂ ಬದಲಾದರು ಅಂತ ಮನಸ್ಸಿನಲ್ಲೇ ಖುಷಿಪಟ್ಟೆ ಕೂಡ.

ಸತ್ಯ ನನ್ನ ಬಾಯಿಗೇ ಬಂತು. ಒಂದು ಬೆಳಿಗ್ಗೆ ಹಲ್ಲುಜ್ಜಲು ಬ್ರಷ್ ಬಾಯಿಗಿಟ್ಟರೆ ಪೆಟ್ರೋಲು. ನಾಲಗೆ ಉರಿಯಿತು, ಬೇಸಿನಿಗೆ ಬಗ್ಗಿ ವಾಂತಿ ಮಾಡಿದೆ. ಬ್ರಷ್ಷನ್ನು ಬೆಳಕಿಗೆ ಹಿಡಿದು ನೋಡಿದೆ. ಎಳೆಗಳ ಬುಡದಲ್ಲಿ ಕಪ್ಪು ಮಸಿ.

“ಇದರಲ್ಲಿ ಎಂತ ಮಾಡಿದ್ರಿ?”

“ಪ್ಲಗ್ ಸ್ವಲ್ಪ ಕ್ಲೀನ್ ಮಾಡಿದ್ದು, ನಿನ್ನೆ. ಮತ್ತೆ ಸೋಪು ಹಾಕಿ ತೊಳೆದಿದ್ದೇನಲ್ಲ.”

“ಹೊಸ ಪ್ಲಗ್ಗಿಗೆ ಎಂತ ಕ್ಲೀನಿಂಗ್?”

ಕೊನೆಗೆ ಒಪ್ಪಿಕೊಂಡರು. ಹಳೇ ಪ್ಲಗ್ಗುಗಳನ್ನೇ ಪೆಟ್ರೋಲಿನಲ್ಲಿ ನೆನೆಸಿ, ಊರಿನಲ್ಲಿ ಸ್ಕೂಟರಿಗೆ ಮಾಡುತ್ತಿದ್ದ ಹಾಗೆ ಪಾಲಿಶ್ ಪೇಪರಿನಲ್ಲಿ ಉಜ್ಜಿ, ಹೊಸ ಕಾಯಿಲಿನ ಕೆಳಗೆ ಹಾಕಿದ್ದರು. ನಿನ್ನೆ ಮತ್ತೆ ಬಿಚ್ಚಿ ನನ್ನ ಬ್ರಷ್ಷಿನಲ್ಲಿ ಉಜ್ಜಿದ್ದು. ಈ ಪ್ಲಗ್ಗುಗಳ ತುದಿಯಲ್ಲಿ ಸೂಜಿಯಷ್ಟು ತೆಳ್ಳಗಿನ ತಂತಿ ಇರುತ್ತದೆ, ಅದನ್ನು ಉಜ್ಜಿದರೆ ಪ್ಲಗ್ ಕೆಟ್ಟ ಹಾಗೆಯೇ ಅಂತ ಉಸ್ತಾದ್ ನಮ್ಮಿಬ್ಬರ ಎದುರೇ ಹೇಳಿದ್ದ. ನಾನು ಒಂದು ಸೂಜಿಯನ್ನು ಎರಡನೇ ಸಲ ಮುಟ್ಟದವಳು. ಒಬ್ಬನ ಸೂಜಿಯನ್ನು ತೊಳೆದು ಇನ್ನೊಬ್ಬನಿಗೆ ಚುಚ್ಚುವವರ ಜಾತಿಗೆ ಸೇರಿದ ಗಂಡನ ಜೊತೆ ಊಟ ಮಾಡುತ್ತಿದ್ದೇನೆ ಅನಿಸಿತು.

“ಹೊರಡಿ. ಇವತ್ತು ಟ್ಯಾಂಕರಿನ ಹಿಂದೆ ಅಲ್ಲ,” ಅಂದೆ.

ಬುದಯ್ಯದ ಹೈವೇಯಲ್ಲಿ ವೇಗವಾಗಿ ಹೋಗುವವರ ಎಡಬದಿಯ ಲೇನ್ ಖಾಲಿಯಿತ್ತು. “ಒತ್ತಿ,” ಅಂದೆ. ಅವರು ಒಂದು ಸಲ ನನ್ನ ಮುಖ ನೋಡಿ ಒತ್ತಿದರು. ಕಾರು ಮುಂದಕ್ಕೆ ಹಾರುವುದಕ್ಕೆ ಹೊರಟು ಗಡಗಡ ಜಗ್ಗಿತು. ಕಾಲು ತೆಗೆದರು.

“ನಾಳೆಯೇ ಹೊಸ ಪ್ಲಗ್ ಹಾಕ್ತೇನೆ ಐವಿ.”

“ಹಾಕಿ. ಹಾಕಿ ಮಾರಿ. ಆಣೆ ಇಟ್ಟದ್ದು ನೀವು.”

ಪ್ಲಗ್ಗಿಗಾಗಿ ನಾನು ಹಟ ಹಿಡಿದದ್ದಲ್ಲ. ಎರಡು ವಾರ ಪಕ್ಕದಲ್ಲಿ ಕೂರಿಸಿಕೊಂಡು, ಜಾಗ್ರತೆ ಎಂಬ ಹೆಸರಿನಲ್ಲಿ ದಿನಾ ಬೆಳಿಗ್ಗೆ ನನ್ನ ಕಣ್ಣಿಗೆ ಮಣ್ಣೆರಚಿದ್ದರು. ಅದನ್ನು ನುಂಗುವುದು ನನ್ನಿಂದಾಗಲಿಲ್ಲ. ಅವರು ಒಂದು ದಿನ ಬೇಡಿಕೊಂಡರು, ಇನ್ನೊಂದು ದಿನ ಮಾತು ಬಿಟ್ಟರು. ಹೊಸ ಪ್ಲಗ್ ಮಾತ್ರ ಹಾಕಲಿಲ್ಲ. ಕೇಳಿದರೆ, “ಮಾರುವ ಕಾರಿಗೆ ಯಾಕೆ ದಂಡ?” ಅಂದರು.

ಕೊಳ್ಳಲು ಬಂದವನು ಮುಹರ್ರಕ್ಕಿನ ಬಹ್ರೇನಿ ಯುವಕ. ಓಡಿಸಿ ನೋಡಿದ, ಜಗ್ಗಿತು, ಅಷ್ಟಕ್ಕೇ ಬೆಲೆಯನ್ನು ಅರ್ಧಕ್ಕೆ ಇಳಿಸಿದ. ಕಾಗದಪತ್ರ ಮುಗಿದ ಮೇಲೆ ನಮ್ಮ ಕಟ್ಟಡದ ಕೆಳಗೆಯೇ ಬಾನೆಟ್ ಎತ್ತಿ, ಪ್ಲಗ್ಗುಗಳನ್ನು ಬಿಚ್ಚಿ, ಒಂದನ್ನು ಮೂಗಿನ ಹತ್ತಿರ ಹಿಡಿದು ನೋಡಿ ನಕ್ಕ. “ಖರ್ಬಾನ್,” ಅಂದ. ಕೆಟ್ಟುಹೋಗಿದೆ ಅಂತ. ನಾಲ್ಕನ್ನೂ ನೆಲಕ್ಕೆ ಬಿಸಾಡಿ, ತಾನೇ ತಂದಿದ್ದ ಹೊಸತನ್ನು ಹಾಕಿದ. ನಾವಿಬ್ಬರು ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಬೀದಿ ದಾಟಿ ದೊಡ್ಡ ರಸ್ತೆಗೆ ಹೋದ ಮೇಲೆ ಅವನು ಒತ್ತಿದ್ದು ನಮಗೆ ಕೇಳಿಸಿತು. ಒಂದೇ ಸಮನೆ ಏರಿದ ಶಬ್ದ ದೂರವಾಗಿ ನಿಂತಿತು.

“ಜಗ್ಗಲಿಲ್ಲ ಅಲ್ವಾ?” ಅಂದರು ಕೊಸ್ಮಸ್.

“ಇಲ್ಲ.”

ಅವರು ಖಾಲಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ನನಗೆ ಪಾಪ ಅನಿಸಿತು. ಕೈ ಹಿಡಿಯಬೇಕು ಅಂತ ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಅವರು ಬಗ್ಗಿ, ಆ ನಾಲ್ಕು ಪ್ಲಗ್ಗುಗಳನ್ನು ಒಂದೊಂದಾಗಿ ಹೆಕ್ಕಿ, ಅಂಗಿಯ ತುದಿಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡರು.

“ತಮ್ಮನ ಸ್ಕೂಟರಿಗೆ ಆದೀತು,” ಅಂದರು.

ಹುಟ್ಟಿದ ಕನಿಕರ ಅಲ್ಲೇ ಸತ್ತುಹೋಯಿತು. “ಅದನ್ನು ಬಿಸಾಡಿ ಮೇಲೆ ಬನ್ನಿ. ಹಿಡ್ಕೊಂಡು ಮನೆಯೊಳಗೆ ಬರ್ಬೇಡಿ,” ಅಂತ ಹೇಳಿ ಮೆಟ್ಟಿಲು ಹತ್ತಿದೆ. ಅನ್ನಕ್ಕಿಟ್ಟೆ, ಮೀನು ಕಾಯಿಸಿದೆ, ತಟ್ಟೆ ಹಾಕಿದೆ. ಕಿಟಕಿಯಿಂದ ಬಗ್ಗಿ ನೋಡಿದರೆ ಅವರು ಕಾರು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದರು, ಕೈ ಜೇಬಿನೊಳಗೆ.